ಮದುವೆ ಮನೆಯ ಇಂಗ್ಲಿಷ್ ಹಾಡು

ನಮ್ಮ ಗಿಟಾರ್ ಮೇಷ್ಟ್ರ ಎಡಗೈ ಬೆರಳ ತುದಿಗಳು ತಂತಿ ಒತ್ತಿ ಒತ್ತಿ ಹುಣಸೆ ಬೀಜದಂತೆ ಗಟ್ಟಿಯಾಗಿದ್ದವು. ಸುಡುವ ಟೀ ಲೋಟವನ್ನು ಆ ಕೈಯಲ್ಲೇ ಹಿಡಿದು ಕುಡಿಯುತ್ತಿದ್ದರು. ಚಿಂತಾಮಣಿಯ ತರಕಾರಿ ಮಾರುಕಟ್ಟೆಯ ಹಿಂದೆ, ಒಂದು ಮಹಡಿ ಕೋಣೆಯಲ್ಲಿ ಅವರ ಪಾಠ. ತಾಳ ತಪ್ಪಿದರೆ ಬೈಯುತ್ತಿರಲಿಲ್ಲ; "ನಿಧಾನ ಕಣಮ್ಮ, ಹಾಡೇನೂ ಬಸ್ ಹತ್ಕೊಂಡು ಹೋಗಲ್ಲ" ಎನ್ನುತ್ತಿದ್ದರು.

ಅವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಹರೆಯದಲ್ಲಿ ಕ್ಯಾಸೆಟ್ ಕೇಳಿ, ಕಿವಿಗೆ ಬಿದ್ದ ಶಬ್ದಗಳನ್ನೇ ಬಾಯಿಪಾಠ ಮಾಡಿ ರಾಕ್ ಹಾಡುಗಳನ್ನು ಕಲಿತಿದ್ದರು. ಅದರಲ್ಲೊಂದು ಸುತ್ತಲಿನ ಆರತಕ್ಷತೆಗಳಲ್ಲೆಲ್ಲ ಹೆಸರುವಾಸಿ. ಡ್ರಮ್ ಶುರುವಾದರೆ ಅಜ್ಜಿಯರೂ ಕುರ್ಚಿ ಬಿಟ್ಟು ಏಳುತ್ತಿದ್ದರು. ನಮ್ಮಕ್ಕನ ಮದುವೆಯಲ್ಲೂ ಅದನ್ನೇ ಹಾಡಿದರು. ಅವರ ಬಾಯಲ್ಲಿ ಆ ಮಾತುಗಳು ಯಾವ ಭಾಷೆಯವೆಂದೇ ತಿಳಿಯುತ್ತಿರಲಿಲ್ಲ.

ಹೋದ ವರ್ಷ ನಮ್ಮ ಮನೆಯ ಟಿವಿಯಲ್ಲಿ ನಾನೂ ಮೇಷ್ಟ್ರೂ ಒಂದು ಇಂಗ್ಲಿಷ್ ಸಿನಿಮಾ ನೋಡಿದೆವು. ಹಳೆಯ ರಾಕ್ ಹಾಡುಗಳನ್ನೇ ಹೊಸದಾಗಿ ಕಟ್ಟಿ, ಅವುಗಳಿಂದಲೇ ಕಥೆ ನಡೆಸುವ ಚಿತ್ರ. ಗೊತ್ತಿರುವ ಹಾಡು ಬಂದಾಗಲೆಲ್ಲ ಮೇಷ್ಟ್ರು ತೊಡೆ ತಟ್ಟುತ್ತಿದ್ದರು. ಕೊನೆಗೆ ಅವರ ಮದುವೆ ಹಾಡೂ ಬಂತು. ಡ್ರಮ್ ಇರಲಿಲ್ಲ, ಬರೀ ಪಿಯಾನೊ. ನೀರಿನ ದಡದಲ್ಲಿ ಕೂತ ಹೆಂಗಸೊಬ್ಬಳು ಅದನ್ನು ಬಿಡಿಸಿ ಬಿಡಿಸಿ ಹಾಡುತ್ತಿದ್ದಳು.

"ಆಯಮ್ಮ ಯಾಕಮ್ಮ ಅಳ್ತಾ ಹಾಡ್ತಾವ್ಳೆ? ಏನು ಅದರ ಅರ್ಥ?"

ಪರದೆಯ ಕೆಳಗೆ ಬರುತ್ತಿದ್ದ ಇಂಗ್ಲಿಷ್ ಸಾಲುಗಳನ್ನು ಓದಿ ಹೇಳಿದೆ. "ಮಗ ನೀರಲ್ಲಿ ಹೋಗ್ಬಿಟ್ಟಿದಾನೆ ಮೇಷ್ಟ್ರೇ. ವಾಪಸ್ ಕೊಡು ಅಂತ ನೀರನ್ನ ಕೇಳ್ತಿದಾಳೆ."

ಹೇಳಿದ ಮೇಲಷ್ಟೇ ನನಗೆ ಅಕ್ಕನ ನೆನಪಾಯಿತು. ಅಕ್ಕನ ಒಬ್ಬನೇ ಮಗ ಕೆಲವು ವರ್ಷಗಳ ಹಿಂದೆ ಕೆರೆಗೆ ಈಜಲು ಹೋಗಿ ತಿರುಗಿ ಬಂದಿರಲಿಲ್ಲ.

ಮೇಷ್ಟ್ರು ಟಿವಿ ಆರಿಸಲು ಹೇಳಿದರು. "ನಿಮ್ಮಕ್ಕನ ಮದುವೇಲಿ ಇದನ್ನ ಹಾಡಿ ಎಲ್ಲರನ್ನೂ ಕುಣಿಸ್ದೆನಲ್ಲಮ್ಮ."

"ಹಾಡಿಗೂ ಅದಕ್ಕೂ ಏನು ಸಂಬಂಧ ಮೇಷ್ಟ್ರೇ?"

"ಸಂಬಂಧ ಐತೆ ಅಂತ ನಾನು ಹೇಳ್ತಿಲ್ಲ. ನಾಚ್ಕೆ ಆಗ್ತೈತೆ, ಅಷ್ಟೆ."

ಆ ಭಾನುವಾರವೇ ನನ್ನನ್ನು ಕರೆದುಕೊಂಡು ಶಿಡ್ಲಘಟ್ಟದ ಅಕ್ಕನ ಮನೆಗೆ ಹೋದರು. ಕೂರೆಂದರೂ ಕೂರಲಿಲ್ಲ. ನೆಲ ನೋಡುತ್ತ ಎಲ್ಲವನ್ನೂ ಹೇಳಿ, "ತಪ್ಪಾಯ್ತು ಕಣಮ್ಮ" ಎಂದರು.

ಅಕ್ಕ ಕಾಫಿ ಲೋಟಗಳನ್ನು ಹಾಗೇ ಹಿಡಿದು ನಿಂತಿದ್ದಳು. "ನಮ್ಮ ಮದುವೆ ವಿಡಿಯೋ ಹಾಕ್ಕೊಂಡು ನನ್ನ ಮಗ ಆ ಹಾಡಿಗೇ ಕುಣೀತಿದ್ದ ಮೇಷ್ಟ್ರೇ. ನಾನು ಈಗಲೂ ಅದನ್ನ ಕೇಳ್ತಿದ್ದೆ. ನೀವು ಹೇಳದೇ ಇದ್ದಿದ್ರೆ ಚೆನ್ನಾಗಿತ್ತು."

ವಾಪಸ್ ಬರುವ ಬಸ್ಸಿನಲ್ಲಿ ಅವರು ಒಂದೇ ಮಾತಾಡಿದರು. "ನನ್ನ ಭಾರ ಇಳಿಸ್ಕೊಳ್ಳಕ್ಕೆ ಹೋಗಿ ಅವಳ ತಲೆ ಮೇಲೆ ಇಟ್ಟು ಬಂದೆ."

ಆಮೇಲೆ ಅವರು ಪಾಠ ಹೇಳಿದರೇ ಹೊರತು ಹಾಡಲಿಲ್ಲ. ಮದುವೆಗೆ ಕರೆಯಲು ಬಂದವರ ಮುಖ ನೋಡಲೂ ಸಂಕೋಚಪಡುತ್ತಿದ್ದರು. ಹೀಗಿರುವಾಗ ಒಂದು ಮಧ್ಯಾಹ್ನ ಅಕ್ಕನೇ ಆ ಮಹಡಿ ಹತ್ತಿ ಬಂದಳು.

"ಆ ಹಾಡು ಹಾಡಿ ಮೇಷ್ಟ್ರೇ. ಮದುವೇಲಿ ಹಾಡಿದ್ರಲ್ಲ, ಹಂಗೇ."

"ಅರ್ಥ ಗೊತ್ತಾದ್ಮೇಲೆ ಹೆಂಗಮ್ಮ ಹಾಡ್ಲಿ?"

"ಗೊತ್ತಿದ್ದೂ ನಾನು ಕೇಳಲ್ವಾ?"

ಮೇಷ್ಟ್ರು ಗಿಟಾರ್ ಎತ್ತಿಕೊಂಡರು. ಅದೇ ಓಟ, ಅದೇ ತಪ್ಪು ಮಾತುಗಳು. ಅಕ್ಕ ಕಣ್ಣು ಮುಚ್ಚಿ ಕಾಲಲ್ಲಿ ತಾಳ ಹಾಕುತ್ತಿದ್ದಳು. ಹಾಡು ಮುಗಿಯುವವರೆಗೂ ಮೇಷ್ಟ್ರು ತಲೆ ಎತ್ತಲಿಲ್ಲ.

ಈ ಯುಗಾದಿಗೆ ಮುಂಚೆಯೇ ಅವರು ತೀರಿಕೊಂಡರು. ಅವರು ಹಾಡಿದ್ದು ಅದೇ ಕೊನೆ.