ಹಿಂದಿನ ಸೀಟನ್ನು ಕೇಳಿದ ಮೇಸ್ತ್ರಿ

ತುಟಿಗಳ ನಡುವೆ ನೆಲಗಡಲೆ ಗಾತ್ರದ ಒಂದು ಬಲ್ಬು, ಅದರಿಂದ ಆ ಕಡೆ ಈ ಕಡೆ ಇಳಿಬಿದ್ದ ಕೆಂಪು, ಕಪ್ಪು ವೈರುಗಳು. ದೂರದಿಂದ ನೋಡಿದಾಗ ಎರಡು ಬಣ್ಣದ ಮೀಸೆ ಬಿಟ್ಟಿದ್ದಾರೇನೋ ಅನ್ನಿಸಿತ್ತು. ಚಾಮರಾಜಪೇಟೆಯ ಒಂದು ಕ್ರಾಸಿನಲ್ಲಿ, ಹೊಂಗೆಮರದ ಕೆಳಗೆ, ಹಳೆಯ ಬೈಕುಗಳನ್ನಷ್ಟೇ ನೋಡುವ ಮೇಸ್ತ್ರಿ ಅವರು. ವೈರಿನಲ್ಲಿ ಕರೆಂಟು ಎಲ್ಲಿಯವರೆಗೆ ಬಂದಿದೆ ಎಂದು ನೋಡುವುದಕ್ಕೆ ಆ ಬಲ್ಬು. ಎರಡೂ ಕೈಗೆ ಕೆಲಸವಿದ್ದಾಗ ಅದು ಬಾಯಿಗೆ ಹೋಗುತ್ತಿತ್ತು. ಆಗ ಮಾತೆಲ್ಲ ಹುಬ್ಬಿನಲ್ಲೇ.

ನಾವು ಅಲ್ಲಿಗೆ ಹೋಗುವ ಹೊತ್ತಿಗೆ ಬೈಕನ್ನು ಮಾರುವುದೆಂದು ಮನೆಯಲ್ಲಿ ತೀರ್ಮಾನ ಆಗಿಹೋಗಿತ್ತು. ಅದು ನನ್ನ ಅಪ್ಪನ ಬೈಕು. ಅಪ್ಪ ತೀರಿಕೊಂಡ ಮೇಲೆ ಬಸವನಗುಡಿಯ ನಮ್ಮ ಮನೆಗೆ ಬಂತು. ನಮ್ಮ ಯಜಮಾನರು ಅಕ್ಕರೆಯಿಂದಲೇ ಓಡಿಸುತ್ತಿದ್ದರು. ಹೋದ ವರ್ಷ ದಸರಾ ಕಳೆದ ಮೇಲೆ ಅದಕ್ಕೆ ಏನಾಯಿತೋ, ನಡುರಸ್ತೆಯಲ್ಲಿ ಹೇಳದೆ ಕೇಳದೆ ನಿಂತುಬಿಡುವುದನ್ನು ಕಲಿಯಿತು. ಒಬ್ಬರು ಪ್ಲಗ್ ಬದಲಾಯಿಸಿದರು. ಇನ್ನೊಬ್ಬರು ಪ್ಲಗ್ಗಿಗೆ ಕರೆಂಟು ಕೊಡುವ ಕಾಯಿಲ್ ಬದಲಾಯಿಸಿದರು. ಅದು ಮತ್ತೂ ನಿಂತಿತು. ಬೇಸತ್ತ ಇವರು, ಹಳೇ ಗಾಡಿ ಕೊಳ್ಳುವವರೊಬ್ಬರಿಗೆ ಭಾನುವಾರ ಬಂದು ತೆಗೆದುಕೊಂಡು ಹೋಗಿ ಎಂದುಬಿಟ್ಟರು. ಅಪ್ಪನದೆಂದು ನನ್ನ ಹತ್ತಿರ ಉಳಿದದ್ದು ಅದೊಂದೇ. ಶುಕ್ರವಾರ ಬೆಳಿಗ್ಗೆ, "ಒಂದೇ ಒಂದು ಸಲ ಆ ಮೇಸ್ತ್ರಿ ಹತ್ರ ತೋರಿಸೋಣ ರೀ" ಎಂದೆ.

ಮೇಸ್ತ್ರಿ ಗಾಡಿಯನ್ನು ಮುಟ್ಟಲೇ ಇಲ್ಲ. ಮೊದಲು ಕಥೆ ಕೇಳುವುದು ಅವರ ಪದ್ಧತಿ. ಯಾವುದೋ ಹಳೆಯ ಕಾರಿನ ಸೀಟನ್ನು ಗೋಡೆಗೆ ಒರಗಿಸಿಟ್ಟಿದ್ದರು, ಬಂದವರು ಅದರ ಮೇಲೆ ಕೂತು ಹೇಳಬೇಕು.

"ಮತ್ತೆ ಕಾಯಿಲ್ದೇ ಪ್ರಾಬ್ಲಂ ಅನ್ಸುತ್ತೆ" ಎಂದರು ಇವರು.

"ಹಂಗಾದ್ರೆ ನೀವೇ ಡಾಕ್ಟ್ರು ಸಾರ್, ನಾನು ಕಾಂಪೌಂಡರ್ರು" ಎಂದು ಮೇಸ್ತ್ರಿ ಕೈ ಒರೆಸಿಕೊಂಡರು. "ಕಾಯಿಲೆ ಹೆಸರು ಬೇಡ. ಏನಾಯ್ತು, ಅದು ಹೇಳಿ."

"ನಿಂತೋಗುತ್ತೆ, ಅಷ್ಟೇ."

ಮೇಸ್ತ್ರಿ ನನ್ನ ಕಡೆ ತಿರುಗಿದರು. "ಮೇಡಂ, ಹಿಂದೆ ಕೂತ್ಕೊಳ್ಳೋರು ನೀವಲ್ವಾ? ಓಡ್ಸೋರಿಗೆ ರಸ್ತೆ ಮೇಲೆ ಕಣ್ಣು. ನೀವು ಹೇಳಿ."

ನಾನು ಕಾನ್ವೆಂಟಿನಲ್ಲಿ ಓದಿದವಳು. ಕೇಳಿದರೆ ಮಾತ್ರ ಹೇಳಬೇಕು ಎಂಬ ಅಭ್ಯಾಸ ಇನ್ನೂ ಬಿಟ್ಟಿಲ್ಲ. ಬೈಕಿನ ವಿಷಯ ನನ್ನನ್ನು ಅದುವರೆಗೆ ಯಾರೂ ಕೇಳಿರಲಿಲ್ಲ.

"ಹಂಪ್ ಹತ್ತಿ ಇಳಿಯುವಾಗಲೇ ಜಾಸ್ತಿ ನಿಲ್ಲುತ್ತೆ" ಎಂದೆ. "ಮೊನ್ನೆ ಇವರು ಬಲಕ್ಕೆ ಇಂಡಿಕೇಟರ್ ಹಾಕಿದ್ರು. ಇಂಜಿನ್ ನಿಂತಾಗ ಅದರ ಟಿಕ್ ಟಿಕ್ ಕೂಡ ನಿಂತ್ಹೋಯ್ತು. ಹಾರನ್ ಒತ್ತಿದ್ರು, ಅದೂ ಬರ್ಲಿಲ್ಲ."

ಅವರ ಮುಖ ಅರಳಿತು. "ನೋಡಿ ಸಾರ್. ಇಂಜಿನ್, ಇಂಡಿಕೇಟರ್, ಹಾರನ್ ಒಟ್ಟಿಗೆ ಹೋದ್ರೆ ಮೂರೂ ಕೆಟ್ಟಿರಲ್ಲ. ಮೂರಕ್ಕೂ ಕರೆಂಟು ಹೋಗೋ ದಾರೀಲಿ ಒಂದು ಕಡೆ ಕೆಟ್ಟಿರುತ್ತೆ. ಕಾಯಿಲ್ ಪಾಪ, ಸುಮ್ನೆ ಬಲಿಯಾಯ್ತು."

ಆಮೇಲೆ ಬಲ್ಬಿನ ಸರದಿ. ಬ್ಯಾಟರಿಯ ಹತ್ತಿರ ಹಿಡಿದರು, ಫಳಫಳ ಉರಿಯಿತು. ಫ್ಯೂಸ್ ದಾಟಿ ಹಿಡಿದರು, ಅಲ್ಲೂ ಹಾಗೆಯೇ. ಕೀ ಸ್ವಿಚ್ಚಿನ ಆಚೆ ಹಿಡಿದಾಗ ಮಂಕಾಯಿತು. ಕೀಯನ್ನು ಬೆರಳ ತುದಿಯಲ್ಲಿ ಚೂರು ಅಲ್ಲಾಡಿಸಿದರೆ ಆರಿಯೇಹೋಯಿತು. ಕೀ ಹೊರಗೆಳೆದು ನೋಡಿದರು, ಮೂಸಿದರು. ಹುಬ್ಬು ಮೇಲೆ ಹೋಯಿತು. ಬಾಯಿಂದ ಬಲ್ಬು ತೆಗೆದು ಇವರಿಗೆ, "ಸಾರ್, ಆ ಮೂಲೇಲಿ ಕಾಫಿ ಚೆನ್ನಾಗಿರುತ್ತೆ. ಮೂರು ತಂದ್ಬಿಡ್ತೀರಾ?" ಎಂದರು.

ಇವರು ಅತ್ತ ಹೋದದ್ದೇ ಕೀಯನ್ನು ನನ್ನ ಮೂಗಿನ ಹತ್ತಿರ ಹಿಡಿದರು. ಗಂಧ. ನಾನೇ ತೇಯ್ದ ಗಂಧ.

ಆಯುಧಪೂಜೆಯ ದಿನ ಟ್ಯಾಂಕಿಗೆ, ಹೆಡ್‌ಲೈಟಿಗೆ, ಎರಡು ಚಕ್ರಕ್ಕೆ ಗಂಧ, ಕುಂಕುಮ ಇಟ್ಟಿದ್ದೆ. ಗಾಡಿಯ ಜೀವ ಇರುವುದೇ ಕೀ ಹಾಕುವ ಕಡೆ ಅಲ್ಲವೇ ಎಂದುಕೊಂಡು ಅಲ್ಲಿಗೆ ಒಂದು ಬೆರಳು ಜಾಸ್ತಿಯೇ ಮೆತ್ತಿದ್ದೆ. ನೀರುನೀರಾದ ಗಂಧ ಸ್ವಿಚ್ಚಿನೊಳಗೆ ಇಳಿದು ಒಣಗಿತ್ತು. ಅಪ್ಪನ ಗಾಡಿಯನ್ನು ಮಾರಾಟದ ತನಕ ತಂದವಳು ನಾನೇ.

"ದೇವ್ರಿಗೆ ಗಂಧ ಹಣೆಗಿಡ್ತೀವಿ ತಾಯಿ, ಬಾಯೊಳಗೆ ತುರುಕ್ತೀವಾ?" ಎಂದರು ಮೇಸ್ತ್ರಿ. ನನ್ನ ಮುಖ ನೋಡಿ ದನಿ ಇಳಿಸಿದರು. "ಯೋಚ್ನೆ ಮಾಡ್ಬೇಡಿ. ಹಬ್ಬ ಆದ್ಮೇಲೆ ನನಗೆ ಸೀಸನ್ನು. ಒಬ್ರು ಪೈಪ್ ಹಿಡ್ದು ಅಭಿಷೇಕ ಮಾಡ್ತಾರೆ, ಇನ್ನೊಬ್ರು ಮೀಟರ್ ಮೇಲೆ ನಿಂಬೆಹಣ್ಣು ಹಿಂಡ್ತಾರೆ. ನಿಮ್ದು ಎಷ್ಟೋ ವಾಸಿ, ಘಮಘಮ ಅಂತಿದೆ."

ಸ್ವಿಚ್ಚು ಬಿಚ್ಚಿ, ಪೆಟ್ರೋಲಿನಲ್ಲಿ ಅದ್ದಿದ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿದರು. ತಾಮ್ರದ ಬಿಲ್ಲೆಗಳು ಹೊಳೆಯತೊಡಗಿದವು. ಕಾಫಿ ಬರುವಷ್ಟರಲ್ಲಿ ಎಲ್ಲ ಜೋಡಿಸಿ ಮುಗಿದಿತ್ತು. ಬಲ್ಬು ಈಗ ಸ್ವಿಚ್ಚಿನ ಆಚೆಗೂ ಫಳಫಳ.

"ಏನಾಗಿತ್ತು?" ಎಂದರು ಇವರು. ನಾನು ನೆಲ ನೋಡಿದೆ.

"ಸ್ವಿಚ್ ಒಳಗೆ ಏನೋ ಕೂತಿತ್ತು ಸಾರ್, ಕ್ಲೀನ್ ಮಾಡಿದೀನಿ. ಕಂಡುಹಿಡಿದಿದ್ದು ಮೇಡಂ. ಇನ್ಮೇಲೆ ಗಾಡಿ ನಿಂತ್ರೆ ಮೊದ್ಲು ಹಿಂದಿನ ಸೀಟನ್ನ ಕೇಳಿ, ಆಮೇಲೆ ಇಲ್ಲಿಗೆ ಬನ್ನಿ."

ಅದರಲ್ಲಿ ಒಂದು ಸುಳ್ಳೂ ಇರಲಿಲ್ಲ. ನಗೆಯಾಡಲು ಅಷ್ಟು ಒಳ್ಳೆಯ ಕಥೆ ಕೈಗೆ ಸಿಕ್ಕಿತ್ತು, ಆದರೂ ಅದನ್ನು ಹೇಳುವುದನ್ನು ನನಗೇ ಬಿಟ್ಟರು. ಆಮೇಲೆ ಎಷ್ಟೋ ಸಲ ಅವರ ಹತ್ತಿರ ಹೋಗಿದ್ದೇನೆ. ಗಾಡಿಯ ಕಥೆಯನ್ನು ಈಗ ನಾನೇ ಹೇಳುತ್ತೇನೆ, ಅವರು ಬಾಯಲ್ಲಿ ಬಲ್ಬಿಟ್ಟುಕೊಂಡು ಕೇಳುತ್ತಾರೆ. ಆ ಕಾಫಿಯ ಉಪಾಯಕ್ಕೆ ಮಾತ್ರ ಇನ್ನೂ ಥ್ಯಾಂಕ್ಸ್ ಹೇಳಿಲ್ಲ. ಹೇಗೆ ಹೇಳುವುದೋ ತಿಳಿಯುತ್ತಿಲ್ಲ.

ಆವತ್ತು ಮನೆಗೆ ಬರುವಾಗ ನಾಲ್ಕು ಹಂಪ್ ದಾಟಿದೆವು, ಗಾಡಿ ನಿಲ್ಲಲಿಲ್ಲ. ಸಿಗ್ನಲಿನಲ್ಲಿ ನಿಂತಾಗ ಇವರ ಕಿವಿಯ ಹತ್ತಿರ ಬಾಗಿ ಎಲ್ಲ ಹೇಳಿದೆ, ಒಂದು ಬೆರಳು ಜಾಸ್ತಿ ಮೆತ್ತಿದ್ದೂ ಸೇರಿಸಿ. ಸ್ವಲ್ಪ ಹೊತ್ತಿಗೆ ಇವರ ಬೆನ್ನು ಅದುರತೊಡಗಿತು. ಸಿಟ್ಟೇನೋ ಎಂದು ಹೆದರಿದೆ. ನಗುತ್ತಿದ್ದರು. ಹಸಿರು ದೀಪ ಬಂದು ಹಿಂದಿನವರೆಲ್ಲ ಹಾರನ್ ಹೊಡೆದರೂ ನಗು ನಿಲ್ಲಲಿಲ್ಲ. ಹೇಗೋ ಗಾಡಿಯನ್ನು ರಸ್ತೆ ಬದಿಗೆ ತಂದು ಫೋನ್ ತೆಗೆದರು.

"ಹಲೋ, ಭಾನುವಾರ ಬರೋದು ಬೇಡ. ಗಾಡಿ ಕೊಡ್ತಿಲ್ಲ... ಇಲ್ಲ ಇಲ್ಲ, ರೇಟ್ ವಿಷ್ಯ ಅಲ್ಲ ಸಾರ್. ಮನೆಯವ್ರಿಗೆ ಅದ್ರ ಮೇಲೆ ಭಕ್ತಿ ಸ್ವಲ್ಪ ಜಾಸ್ತಿ."