ದ್ರೌಪದಿ ಬರೆದ ಬಿಳಿ ಕುದುರೆ

ಡೊಂಬಿವಲಿ ಪೂರ್ವದಲ್ಲಿ ಈಗ ಜನ ಬಾಳುವೆ ಮಾಡುವ ಎಷ್ಟೋ ಬಿಲ್ಡಿಂಗುಗಳಲ್ಲಿ ಮೊದಲ ರಂಗೋಲಿ ಹಾಕಿದವಳು ದ್ರೌಪದಿ. ಬಾಗಿಲು ಕೂಡಿಸುವ ಮೊದಲೇ, ಗಿಲಾವು ಒಣಗುವ ಮೊದಲೇ, ಮನೆ ಕೊಂಡವರು ಬಂದು ಹಾಲು ಉಕ್ಕಿಸುವುದಕ್ಕೆ ಎಷ್ಟೋ ಮೊದಲೇ ಅವಳ ರಂಗೋಲಿ ಅಲ್ಲಿ ಬಿದ್ದಿರುತ್ತಿತ್ತು. ಅವಳ ಗಂಡ ಮಾನಪ್ಪ, ಕಟ್ಟುತ್ತಿರುವ ಬಿಲ್ಡಿಂಗಿಗೆ ವಾಚಮನ್. ಮಳೆಗಾಲ ಹಿಡಿಯಿತೆಂದರೆ ತಗಡಿನ ಶೆಡ್ಡು ಸೋರುತ್ತಿತ್ತು. ಆಗ ಅವರು ಹೊಸ ಸ್ಲ್ಯಾಬಿನ ಕೆಳಗೆ ಯಾವುದಾದರೂ ಒಂದು ಖೋಲಿಗೆ ಪಾತ್ರೆ ಪಡಗ ಸಾಗಿಸುತ್ತಿದ್ದರು. ಚೌಕಟ್ಟಿಲ್ಲದ ಆ ಬಾಗಿಲಿನ ಜಾಗಕ್ಕೆ ದ್ರೌಪದಿ ನೀರು ಚಿಮುಕಿಸಿ, ಎರಡು ಬೆರಳಿನಲ್ಲಿ ಪುಡಿ ಹಿಡಿದು, ಎಳೆ ಕಡಿಯದ ಹಾಗೆ ಬಿಡುತ್ತಿದ್ದಳು. ಕೂಲಿಯವರ ಮೇಲಿನ ಮುಕಾದಮ ಒಮ್ಮೆ ಕೇಳಿದನಂತೆ, ಮಾಲಕರೇ ಬಂದಿಲ್ಲ, ಯಾರಿಗೆ ಈ ರಂಗೋಲಿ ಎಂದು.

"ನಾ ಇದ್ದೀನಲ್ರಿ," ಅಂದಳಂತೆ ದ್ರೌಪದಿ.

ನಾವೂ ಅವರೂ ಶಹಾಪುರದ ಕಡೆಯವರು. ನನ್ನ ಮನೆಯವರು ಹಣಮಂತ್ರಾಯ ಗೌಂಡಿ ಕೆಲಸ ಮಾಡುತ್ತಿದ್ದರು. ನಾನೂ ದ್ರೌಪದಿಯೂ ಅವರ ಕೈಗೆ ಕಲಸಿದ ಸಿಮೆಂಟಿನ ಮಾಲು ಹೊತ್ತು ಕೊಡುವವರು. ನಮ್ಮ ಶೆಡ್ಡಿಗೂ ಅವಳ ಶೆಡ್ಡಿಗೂ ನಡುವೆ ಒಂದೇ ತಗಡು. ಅವಳು ಎತ್ತರದ ಹೆಂಗಸು. ತಲೆಯ ಮೇಲೆ ಮಾಲಿನ ಬುಟ್ಟಿ, ಘಮೇಲಾ ಇದ್ದರೂ ಕತ್ತು ತಗ್ಗಿಸುತ್ತಿರಲಿಲ್ಲ, ಇಲ್ಲದಿದ್ದರೂ ತಗ್ಗಿಸುತ್ತಿರಲಿಲ್ಲ. ಮಕ್ಕಳಿರಲಿಲ್ಲ. ಅದರ ಮಾತು ಯಾರಾದರೂ ತೆಗೆದರೆ, ಇರುವವರನ್ನು ನೀವು ಮೊದಲು ಸುಧಾರಿಸಿಕೊಳ್ಳಿ ಎಂದು ನಕ್ಕು ಎದ್ದು ಹೋಗುತ್ತಿದ್ದಳು.

೧೯೮೫ರ ಹೊತ್ತಿಗೆ ನಾವು ಕೆಲಸ ಮಾಡಿದ ಒಂದು ರೋಡಿನಲ್ಲಿ ನಾಲ್ಕು ಬಿಲ್ಡಿಂಗು ಎದ್ದು ಜನ ತುಂಬಿದ್ದರು. ಕೊನೆಯ ಪ್ಲಾಟಿನಲ್ಲಿ ಐದನೆಯದು ಏಳುತ್ತಿತ್ತು. ನಮ್ಮ ಶೆಡ್ಡುಗಳು ಅಲ್ಲಿಯೇ. ಆ ರೋಡಿಗೆ ಖಡಿ ಹಾಸಿ ಸಿಮೆಂಟು ಎಳೆದವರಲ್ಲಿ ದ್ರೌಪದಿಯೂ ಒಬ್ಬಳು. ಅದನ್ನು ಅವಳು ಮರೆಯುತ್ತಿರಲಿಲ್ಲ. ರೋಡಿನ ಮೇಲೆ ಯಾರಾದರೂ ಎಲೆ ಅಡಿಕೆ ಉಗುಳಿದರೆ ಅವರನ್ನು ನಿಲ್ಲಿಸಿ ಕೇಳುತ್ತಿದ್ದಳು.

ಆ ವರ್ಷ ರೋಡಿನ ಮಹಿಳಾ ಮಂಡಳದವರು ದೀಪಾವಳಿ ಪಾಡವ್ಯದ ದಿನ, ಅಂದರೆ ಬಲಿಪಾಡ್ಯಮಿಗೆ, ರೋಡು ತುಂಬ ಚಿತ್ರ ಬರೆಸುವ ಹಬ್ಬ ಮಾಡಬೇಕೆಂದು ಹೊರಟರು. ಮಂಡಳದ ಹಿರಿಯಳು ಚಂದ್ರಬಾಯಿ, ಮರಾಠಿಯವಳು, ಗಂಡ ರೈಲ್ವೆಯಲ್ಲಿ ಗುಮಾಸ್ತ. ಅವಳದು ಎಲ್ಲವೂ ಪದ್ಧತಿಯ ಪ್ರಕಾರ. ಬಿಲ್ಡಿಂಗಿಗೆ ಒಂದು ದೊಡ್ಡ ಚೌಕ, ಚೌಕಕ್ಕೆ ಒಬ್ಬಳೇ ಮುಖ್ಯ ಕಲಾವಿದೆ, ಅವಳ ಹೆಸರು ರಟ್ಟಿನ ಮೇಲೆ ಬರೆದು ಚೌಕದ ಪಕ್ಕಕ್ಕೆ ಇಡುವುದು, ಎಲ್ಲರೂ ದೇವರನ್ನೇ ಬರೆಯುವುದು, ಎಲ್ಲಕ್ಕಿಂತ ಚಂದದ್ದಕ್ಕೆ ಬಹುಮಾನ. ಶೆಡ್ಡಿನವರು ಬಿಲ್ಡಿಂಗಿನ ಲೆಕ್ಕಕ್ಕೆ ಬರುವುದಿಲ್ಲ. ಇದನ್ನು ಅವಳು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ, ಪದ್ಧತಿ ಎಂದು ಹೇಳಿದಳು.

ಮೊದಲನೆಯ ಬಿಲ್ಡಿಂಗಿನಲ್ಲಿ ಜಯಲತಾ ಎಂಬವರಿದ್ದರು. ಉಡುಪಿ ಕಡೆಯವರು, ಗಂಡನದು ಸ್ಟೇಶನ್ನಿನ ಹತ್ತಿರ ಹೋಟೆಲು. ನಮ್ಮ ಜೊತೆ ಕನ್ನಡ ಮಾತಾಡುವವರು ಆ ರೋಡಿನಲ್ಲಿ ಅವರೊಬ್ಬರೇ. ಅವರು ಒಂದು ಸಂಜೆ ಶೆಡ್ಡಿಗೆ ಬಂದರು. ತಮ್ಮ ಬಿಲ್ಡಿಂಗಿನ ಹೆಂಗಸರಿಗೆ ಆರತಿ ತಟ್ಟೆಗಿಂತ ದೊಡ್ಡದು ಬರೆದು ಗೊತ್ತಿಲ್ಲ, ದ್ರೌಪದಿ ಬಂದು ಬರೆದುಕೊಡಬೇಕು ಎಂದರು.

"ಬರೀತೀನ್ರಿ," ಅಂದಳು ದ್ರೌಪದಿ. "ಖರೇ, ರಟ್ಟಿನ ಮ್ಯಾಲ ನನ್ನ ಹೆಸರ ಇರಬೇಕು. ಈ ಮನಿಗೋಳ್ಯಾಗ ಎಲ್ಲಿ ನೋಡಿದ್ರೂ ಬ್ಯಾರೇರ ಹೆಸರ ಅದ. ಈ ರೋಡಿನ್ಯಾಗ ಒಂದ ದಿನ ನಂದೂ ಇರಲಿ."

ಜಯಲತಾ ಒಪ್ಪಿದರು. ತಮ್ಮ ಬಿಲ್ಡಿಂಗಿನ ಕೆಲಸ ಮಾಡುವವಳು ಎಂದು ಮಂಡಳಕ್ಕೆ ಹೇಳಿ ಒಪ್ಪಿಸಿಯೂ ಬಂದರು. ಬಿಸ್ಕೀಟಿನ ಡಬ್ಬದ ರಟ್ಟು ಕತ್ತರಿಸಿ, ಮರಾಠಿ ಅಕ್ಷರದಲ್ಲಿ ದ್ರೌಪದಿ ಮಾನಪ್ಪ ಎಂದು ತಾವೇ ಬರೆದು ತಂದರು. ದ್ರೌಪದಿಗೆ ಓದಲು ಬರುತ್ತಿರಲಿಲ್ಲ. ಅಕ್ಷರದ ಮೇಲೆ ಬೆರಳು ಎಳೆದು ನೋಡಿ, ಗೀಟು ಸೊಟ್ಟಗಿಲ್ಲ, ಚಂದಾಗಿ ಬರೆದಿದ್ದೀರಿ ಅಂದಳು.

ತಕರಾರು ಬಂದದ್ದು ಹಬ್ಬದ ಹಿಂದಿನ ದಿನ. ಜಯಲತಾ ಗಣಪತಿ ಬರೆದುಬಿಡು, ಸುಲಭ ಎಂದರು. ದ್ರೌಪದಿ ಬರೆಯುವುದಿಲ್ಲ ಎಂದಳು. ಊರಲ್ಲಿ ಅವಳ ಮನೆಯಲ್ಲಿ ನೆಲದ ಮೇಲೆ ದೇವರ ಮುಖ ಬರೆಯುವ ರೂಢಿಯಿಲ್ಲ. ನೆಲದ ರಂಗೋಲಿ ತುಳಿಯಲಿಕ್ಕೆ ಇರುವುದು. ಬೆಳಿಗ್ಗೆ ಹಾಕಿದ್ದು ಸಂಜೆಗೆ ಕಾಲಿಗೆ ಹತ್ತಿ ಹೋದರೇ ಮನೆಗೆ ಜನ ಬಂದರು ಎಂದು ಅರ್ಥ. ದೇವರ ಮುಖವಿದ್ದರೆ ಯಾರು ಕಾಲಿಡುತ್ತಾರೆ, ಮಾರನೇ ದಿನ ಕಸಬರಿಗೆ ಯಾರು ಹಾಕುತ್ತಾರೆ.

"ದೇವ್ರು ಬಂದಾನ ಅಂತ ಗುರ್ತ ಬರೀತೀನಿ," ಅಂದಳು. "ಮಾರಿ ಮಾತ್ರ ಬರಿಯಂಗಿಲ್ಲ."

"ಹೀಗೆ ಹೇಳಿದ್ರೆ ಹೇಗೆ ಮಾರಾಯ್ತಿ?" ಜಯಲತಾ ತಲೆ ಹಿಡಿದುಕೊಂಡರು. "ದೇವರಿಲ್ಲದಿದ್ರೆ ಚಂದ್ರಬಾಯಿ ನಮ್ಮ ಚೌಕವನ್ನೇ ತೆಗೆದುಹಾಕ್ತಾಳೆ. ಆಮೇಲೆ ನಿನ್ನ ಹೆಸರೂ ಇಲ್ಲ, ಎಂತದೂ ಇಲ್ಲ."

ತೆಗೆದರೆ ತೆಗೆಯಲಿ, ಅವರು ತೆಗೆಯಬೇಕಾದರೂ ಮೊದಲು ನಾನು ಬರೆದಿರಬೇಕಲ್ಲ ಅಂದಳು ದ್ರೌಪದಿ. ಜಯಲತಾ ಸಿಟ್ಟಿನಲ್ಲಿಯೇ ಹೋದರು. ಆದರೆ ಬೇರೆ ಯಾರನ್ನೂ ಕರೆಯಲಿಲ್ಲ.

ಪಾಡವ್ಯದ ಬೆಳಿಗ್ಗೆ ರೋಡಿನ ಬಾಯಿಗೆ ಅಡ್ಡ ಬಿದಿರು ಕಟ್ಟಿ ಗಾಡಿ ಬಾರದ ಹಾಗೆ ಮಾಡಿದ್ದರು. ಮೊದಲನೆಯ ಬಿಲ್ಡಿಂಗಿನ ಚೌಕವೇ ಮೊದಲ ಚೌಕ. ಅದರ ಪಕ್ಕದಲ್ಲಿಯೇ ನೀರಿನ ದೊಡ್ಡ ಟಾಕಿ, ನಾಲ್ಕೂ ಬಿಲ್ಡಿಂಗಿಗೆ ಅದೊಂದೇ. ನಾನು ದ್ರೌಪದಿಯ ಕೈಗೆ ಸಾಮಾನು ಕೊಡಲು ಕೂತೆ. ಮೊದಲು ರೋಡು ತೊಳೆದೆವು. ಮೇಲೆ ಕೆಮ್ಮಣ್ಣು ಬಳಿದೆವು. ಅದು ಒಣಗುವವರೆಗೆ ಅವಳು ಸುಮ್ಮನೆ ನಿಂತು ನೆಲ ನೋಡುತ್ತಿದ್ದಳು. ಬೇರೆಯವರು ಸೀಮೆಸುಣ್ಣದ ಖಡುವಿನಿಂದ ಗುರುತು ಹಾಕಿಕೊಳ್ಳುತ್ತಿದ್ದರು. ಇವಳು ಗುರುತು ಹಾಕಲಿಲ್ಲ. ನಾರಿನ ಕುಂಚವನ್ನು ಸುಣ್ಣದಲ್ಲಿ ಅದ್ದಿ, ಕಿವಿಯಿಂದ ಶುರು ಮಾಡಿ ಬೆನ್ನಿನ ಗೀಟನ್ನು ಒಂದೇ ಉಸಿರಿಗೆ ಬಾಲದವರೆಗೆ ಎಳೆದಳು. ಅಲ್ಲಿಗೆ ಅದು ಕುದುರೆ ಎಂದು ನನಗೆ ತಿಳಿಯಿತು.

ಬಿಳಿ ಕುದುರೆ. ಬೆನ್ನ ಮೇಲಿನ ಜೀನಿಗೆ ಒಡೆದ ಇಟ್ಟಂಗಿಯ ಪುಡಿ, ಗಿಲಾವಿನ ಜರಡಿಯಲ್ಲಿ ಸಣ್ಣಗೆ ಸಾಣಿಸಿದ್ದು. ಅಂಚಿಗೆ ಅರಿಶಿನ. ಗೊರಸಿಗೂ ಕಣ್ಣಿಗೂ ಇದ್ದಿಲು. ಕುತ್ತಿಗೆಗೆ ಬಟ್ಟೆಯ ನೀಲಿ ಕಲಸಿ ಮಣಿಸರ. ಮುಂದೆ ಒಂದು ಗೂಟ, ಗೂಟಕ್ಕೆ ಕಟ್ಟಿದ ಲಗಾಮು. ಜೀನಿನ ಮೇಲೆ ಯಾರೂ ಇಲ್ಲ. ಜೀನಿನ ಪಕ್ಕಕ್ಕೆ ಎರಡು ಪಾದ ಬರೆದಳು, ಇಳಿದು ಬಿಲ್ಡಿಂಗಿನ ಬಾಗಿಲ ಕಡೆ ತಿರುಗಿದ ಪಾದ. ಅಷ್ಟೇ. ಕೈ ತೊಳೆದು, ರಟ್ಟನ್ನು ಚೌಕದ ಮೂಲೆಗೆ ಒಂದು ಇಟ್ಟಂಗಿಗೆ ಆನಿಸಿ ನಿಲ್ಲಿಸಿದಳು.

ಮುಂದಿನ ಚೌಕಗಳಲ್ಲಿ ಗಣಪತಿ, ಲಕ್ಷ್ಮಿ, ವಿಠ್ಠಲ ಎದ್ದಿದ್ದರು. ಸುಳ್ಳು ಯಾಕೆ ಹೇಳಲಿ, ಮೂರೂ ಚಂದಿದ್ದವು. ವಿಠ್ಠಲನ ಕಣ್ಣಂತೂ ನಾವು ಹೋದ ಕಡೆ ಬರುತ್ತಿತ್ತು. ದ್ರೌಪದಿ ಒಂದೊಂದರ ಮುಂದೆಯೂ ಕೈ ಮುಗಿದು ನಿಂತು ನೋಡಿ ಬಂದಳು.

ಬಹುಮಾನ ಯಾರಿಗೆಂದು ನೋಡಲು ಚಂದ್ರಬಾಯಿ ಒಬ್ಬ ಡ್ರಾಯಿಂಗ್ ಮಾಸ್ತರರನ್ನು ಕರೆದುಕೊಂಡು ಬಂದಳು. ಮಾಸ್ತರರು ಕುದುರೆಯ ಸುತ್ತ ಒಂದು ಸುತ್ತು ಹಾಕಿ, ಗೀಟು ಒಳ್ಳೆಯದಿದೆ ಎಂದರು. ಚಂದ್ರಬಾಯಿ ಜೀನು ನೋಡಿದಳು, ದ್ರೌಪದಿಯನ್ನು ನೋಡಿದಳು.

"ದೇವ ಕುಠೆ?" ಅಂದಳು. ದೇವರೆಲ್ಲಿ ಎಂದು.

ಜಯಲತಾ ಏನೋ ಹೇಳಿ ತೇಲಿಸಲು ಬಾಯಿ ತೆಗೆದರು. ಅಷ್ಟರಲ್ಲಿ ದ್ರೌಪದಿ ಬಾಗಿಲ ಕಡೆ ಕೈ ಮಾಡಿದಳು.

"ಖಂಡೋಬಾ ಇಳದು ಮನ್ಯಾಗ ಹೋಗ್ಯಾನ್ರಿ ಬಾಯಿ. ಹಬ್ಬದ ದಿನ ಅದ. ಕುದುರಿ ಹೊರಗ ನಿಂತದ, ಆಂವ ಒಳಗ ಊಟಕ್ಕ ಕುಂತಾನ."

ಜಯಲತಾ ಅದನ್ನು ಮರಾಠಿಯಲ್ಲಿ ಹೇಳಿದರು. ಮಾಸ್ತರರು ನಕ್ಕರು. ಚಂದ್ರಬಾಯಿಗೂ ನಗು ಬಂದಿತ್ತು, ಆದರೆ ತಡೆದಳು. ಬಿಳಿ ಕುದುರೆ ಏರಿ ಬರುವ ಖಂಡೋಬಾ ಅವಳ ಮನೆದೇವರೇ. ಕಾಣದ ದೇವರಿಗೆ ನಾನು ಹೇಗೆ ಅಂಕ ಹಾಕಲಿ, ಪದ್ಧತಿ ಒಬ್ಬರಿಗೊಂದು ಮಾಡಿದರೆ ನಾಳೆ ಉಳಿದವರು ಕೇಳುತ್ತಾರೆ ಎಂದಳು. ಬಗ್ಗಿ, ರಟ್ಟಿನ ಮುಂದೆ ನೆಲದ ಮೇಲೆ ಖಡುವಿನಿಂದ ಅಡ್ಡಗೀಟು ಎಳೆದಳು. ಚೌಕ ಸ್ಪರ್ಧೆಯಿಂದ ಹೊರಗೆ.

ಜಯಲತಾಗೆ ಅಳು ಬರುವಷ್ಟಾಗಿತ್ತು. ಒಂದು ಮುಖ ಬರೆದಿದ್ದರೆ ಆಗುತ್ತಿತ್ತಲ್ಲ ಎಂದರು. ದ್ರೌಪದಿ ಚಂದ್ರಬಾಯಿಗೆ ಕೇಳಿದ್ದು ಒಂದೇ. ಬಹುಮಾನ ಬೇಡ, ರಟ್ಟು ಮಾತ್ರ ಸಂಜೆಯವರೆಗೆ ಇದ್ದಲ್ಲಿಯೇ ಇರಲಿ. ಚಂದ್ರಬಾಯಿ ಇರಲಿ ಎಂದಳು. ದ್ರೌಪದಿ ರಟ್ಟಿನ ಪಕ್ಕದಲ್ಲಿ ಕಾಲು ಚಾಚಿ ಕೂತು ಎಲೆ ಅಡಿಕೆ ಹಾಕಿಕೊಂಡಳು. ನೋಡಲು ಬಂದವರಿಗೆ ಕೇಳದೆಯೇ ತನ್ನ ಹೆಸರು ಹೇಳುತ್ತಿದ್ದಳು.

ಮಧ್ಯಾಹ್ನದ ಊಟಕ್ಕೆ ಎಲ್ಲರ ಮನೆಗೂ ನೆಂಟರು ಬಂದಿದ್ದರು. ಆ ಹೊತ್ತಿಗೇ ಟಾಕಿಯ ನೀರು ಮುಗಿಯಿತು. ಡೊಂಬಿವಲಿಯಲ್ಲಿ ಆಗ ನಳದ ನೀರು ನಂಬುವ ಹಾಗಿರಲಿಲ್ಲ. ಟ್ಯಾಂಕರಿಗೆ ಹೇಳಿ ಕಳಿಸಿದರು. ಹೇಳುವಾಗ ರೋಡಿನ ಮೇಲೆ ದೇವರಿದ್ದಾರೆ ಎಂಬುದು ಯಾರಿಗೂ ನೆನಪಾಗಲಿಲ್ಲ.

ರೋಡಿನ ಬಾಯಿಗೆ ಬಿದಿರು ಇದ್ದದ್ದರಿಂದ ಟ್ಯಾಂಕರು ಆ ಕಡೆಯ ತುದಿಯಿಂದ, ನಮ್ಮ ಶೆಡ್ಡಿನ ಬದಿಯಿಂದ ಬಂತು. ಅಲ್ಲಿ ಮೊದಲಿಗೇ ವಿಠ್ಠಲ. ಹೆಂಗಸರು ಮುಂದೆ ಓಡಿ ಕೈ ಅಡ್ಡ ಹಿಡಿದರು. ಡ್ರೈವರು ತಾನೇ ಇಳಿದು ನೋಡಿ, ಚಪ್ಪಲಿ ಬಿಟ್ಟು ಕೈ ಮುಗಿದ. ಇದರ ಮೇಲೆ ಗಾಲಿ ಹಾಯಿಸಲಾರೆ, ನೀವು ಒರೆಸಿಕೊಡಿ ಎಂದ. ಚಂದ್ರಬಾಯಿ ಕಸಬರಿಗೆ ತರಿಸಿದಳು. ಒಬ್ಬರ ಕೈಯಿಂದ ಒಬ್ಬರ ಕೈಗೆ ಹೋಯಿತೇ ಹೊರತು ಯಾರೂ ನೆಲಕ್ಕೆ ಮುಟ್ಟಿಸಲಿಲ್ಲ. ಕೊನೆಗೆ ಅದು ಅವಳ ಕೈಗೇ ತಿರುಗಿ ಬಂತು. ಹಬ್ಬದ ದಿನ ದೇವರ ಮುಖಕ್ಕೆ ಕಸಬರಿಗೆ ಹಾಕಲು ಅವಳಿಗೂ ಆಗಲಿಲ್ಲ. ಡ್ರೈವರು ಹೊತ್ತಾಯಿತು, ಕಲ್ಯಾಣದ ಕಡೆ ಇನ್ನೊಂದು ಖೇಪು ಇದೆ, ನಾನು ಹೊರಟೆ ಎಂದ.

ದ್ರೌಪದಿ ಎದ್ದು ಅಲ್ಲಿಗೆ ನಡೆದಳು. ಡ್ರೈವರಿಗೆ ಹಿಂದಿಯಲ್ಲಿ, ಸುತ್ತು ಹಾಕಿ ಬಿದಿರು ಕಟ್ಟಿದ ಕಡೆಯಿಂದ ಬಾ, ಟಾಕಿ ಅಲ್ಲಿಯೇ ಇದೆ ಎಂದಳು. ಆ ಕಡೆ ದಾರಿಗೆ ಬರುವುದು ಅವಳ ಕುದುರೆ ಒಂದೇ.

ನಾನು ಅವಳ ಸೆರಗು ಹಿಡಿದು ಕೇಳಿದೆ, ಇಷ್ಟು ಚಂದ ಬರೆದದ್ದರ ಮೇಲೆ ಲಾರಿ ಹಾಯಿಸುತ್ತೀಯಾ ಎಂದು.

"ಕುದುರಿ ಇರೋದ ಹೊರಲಿಕ್ಕ, ಯಕ್ಕಾ," ಅಂದಳು.

ಬಿದಿರು ಬಿಚ್ಚಿದವಳೂ ಅವಳೇ. ಟ್ಯಾಂಕರಿನ ಮುಂದೆ ಹಿಂದಕ್ಕೆ ಹಿಂದಕ್ಕೆ ನಡೆಯುತ್ತ, ಸೈಟಿನಲ್ಲಿ ಇಟ್ಟಂಗಿ ಲಾರಿಗೆ ಮಾಡುವ ಹಾಗೆಯೇ ಕೈ ಮಾಡಿ ಕರೆದಳು. ಮುಂದಿನ ಗಾಲಿ ಬಾಲದ ಮೇಲೆ ಬಂತು. ಆಗ ಚಂದ್ರಬಾಯಿ ಓಡಿಬಂದು ರಟ್ಟನ್ನು ಗಾಲಿಯ ದಾರಿಯಿಂದ ಎತ್ತಿಕೊಂಡಳು. ಎಲ್ಲಿ ಇಡಬೇಕೆಂದು ತಿಳಿಯದೆ ಎದೆಗೆ ಹಿಡಿದು ನಿಂತಳು. ಟ್ಯಾಂಕರು ಜೀನಿನ ಮೇಲೆ ನಿಂತಿತು. ಪೈಪು ಟಾಕಿಗೆ ಬಿತ್ತು. ಪೈಪಿನ ಸಂದಿನಿಂದ ಸೋರಿದ ನೀರು ಚೌಕದ ತುಂಬ ಹರಿದು, ಅಡ್ಡಗೀಟು ಎಲ್ಲಿತ್ತೆಂದು ಕಾಣದಾಯಿತು.

ಪಂಪು ನೀರನ್ನು ಮನೆಗಳಿಗೆ ಏರಿಸುವವರೆಗೆ ಯಾರಿಗೆ ತಾಳ್ಮೆ. ಹೆಂಗಸರು ಕೊಡ, ಬಕೀಟು, ಪಾತೇಲಿ ತಂದು ಅಲ್ಲಿಯೇ ತುಂಬಿಕೊಂಡು ನಡೆದರು. ಬರಿಗಾಲು, ಒದ್ದೆ ನೆಲ, ಕೆಳಗೆ ಸುಣ್ಣ, ಅರಿಶಿನ, ಇಟ್ಟಂಗಿ ಪುಡಿ. ಸ್ವಲ್ಪ ಹೊತ್ತಿಗೆ ನಾಲ್ಕೂ ಬಿಲ್ಡಿಂಗಿನ ಮೆಟ್ಟಿಲ ಮೇಲೆ ಬಿಳಿ ಪಾದ, ಕೆಂಪು ಪಾದ, ಹಳದಿ ಪಾದ. ಎಲ್ಲವೂ ಒಳಗೆ ಹೋಗುವ ಪಾದ. ಜಯಲತಾ ತಮ್ಮ ಬಾಗಿಲಲ್ಲಿ ನಿಂತು ಅವನ್ನು ನೋಡಿ, ಇದನ್ನು ಇವತ್ತು ಯಾರೂ ತೊಳೆಯಬೇಡಿ ಎಂದು ಮೇಲೆ ಕೆಳಗೆ ಎಲ್ಲರಿಗೂ ಕೂಗಿ ಹೇಳಿದರು.

ಬಹುಮಾನ ವಿಠ್ಠಲನಿಗೆ ಬಂತು, ಬರಬೇಕಾದ್ದೇ. ರಟ್ಟನ್ನು ಚಂದ್ರಬಾಯಿ ಟಾಕಿಯ ಗೋಡೆಗೆ, ಮಳೆ ತಾಗದ ಮೂಲೆಯಲ್ಲಿ ಮೊಳೆ ಹೊಡೆಸಿ ಹಾಕಿಸಿದಳು. ಒಂದು ದಿನ ಇರಲಿ ಎಂದು ದ್ರೌಪದಿ ಕೇಳಿದ್ದ ಹೆಸರು ವರ್ಷವಿಡೀ ಅಲ್ಲಿತ್ತು. ನೀರಿಗೆ ಬಂದವರೆಲ್ಲ ಅದನ್ನು ಓದುತ್ತಿದ್ದರು.

ಮುಂದಿನ ದೀಪಾವಳಿಯ ಹೊತ್ತಿಗೆ ಐದನೆಯ ಬಿಲ್ಡಿಂಗು ಮುಗಿದು, ಮಾನಪ್ಪನಿಗೆ ಐರೋಲಿಯಲ್ಲಿ ಹೊಸ ಕೆಲಸ ಸಿಕ್ಕಿತ್ತು. ಅಲ್ಲಿಯೂ ಚೌಕಟ್ಟಿಲ್ಲದ ಬಾಗಿಲಿಗೆ ದ್ರೌಪದಿಯ ರಂಗೋಲಿ ಶುರುವಾಗಿತ್ತು. ಚಂದ್ರಬಾಯಿ ಡೊಂಬಿವಲಿಯಲ್ಲೇ ಉಳಿದಿದ್ದ ನನ್ನ ಹತ್ತಿರ ವಿಳಾಸ ಕೇಳಿಕೊಂಡು, ತಾನೇ ಹೋಗಿ ಕರೆದು ಬಂದಳು. ಪದ್ಧತಿ ಬದಲಾಗಿದೆ, ಈ ವರ್ಷ ಯಾರೂ ದೇವರನ್ನು ಬರೆಯುವಂತಿಲ್ಲ, ದೇವರ ವಾಹನ ಮಾತ್ರ, ಮೊದಲ ಚೌಕ ನಿನ್ನದು ಎಂದಳಂತೆ.

ದ್ರೌಪದಿ ಠಾಣೆಗೆ ಬಸ್ಸು ಹಿಡಿದು, ಅಲ್ಲಿಂದ ಲೋಕಲಿನಲ್ಲಿ ಹಿಂದಿನ ಸಂಜೆಯೇ ಬಂದಳು. ಪಾಡವ್ಯದ ದಿನ ರೋಡಿನ ತುಂಬ ಇಲಿ, ನವಿಲು, ನಂದಿ, ಗರುಡ. ಒಂದರ ಮೇಲೂ ಸವಾರನಿಲ್ಲ. ಮೊದಲ ಚೌಕದಲ್ಲಿ ಅವಳ ಬಿಳಿ ಕುದುರೆ. ಈ ಸಲ ಗೂಟ ಬರೆದಿರಲಿಲ್ಲ, ಲಗಾಮು ಬೆನ್ನ ಮೇಲೆ ಬಿಟ್ಟಿತ್ತು. ಕೆಲಸ ಮುಗಿಸಿ ಸೊಂಟಕ್ಕೆ ಕೈ ಕೊಟ್ಟು ರೋಡಿನ ಆ ತುದಿಯವರೆಗೆ ನೋಡಿದಳು. ಚಂದ್ರಬಾಯಿಯೂ ಜಯಲತಾ ಅವರೂ ಪಕ್ಕದಲ್ಲಿದ್ದರು.

"ಎಲ್ಲಾ ದೇವ್ರೂ ಒಮ್ಮೆಲೆ ಒಳಗ ಹೋಗ್ಯಾರ," ಅಂದಳು. "ಅಷ್ಟು ಮಂದಿಗಿ ಚಾ ಯಾರ ಮನ್ಯಾಗ್ರಿ?"

ಚಂದ್ರಬಾಯಿ ಅರ್ಥ ಹೇಳಿಸಿಕೊಂಡು, ತನ್ನ ಮನೆಯಲ್ಲಿ ಎಂದಳು. ನಾವು ಕೈ ತೊಳೆದುಕೊಂಡೆವು. ಕಾಲು ತೊಳೆಯಬೇಡಿ, ಹಾಗೆಯೇ ಬನ್ನಿ ಎಂದು ಅವಳೇ ಹೇಳಿದ್ದರಿಂದ ಕಾಲು ತೊಳೆಯದೆ ಮೆಟ್ಟಿಲು ಹತ್ತಿದೆವು.