ಕಣ್ಮಣಿಗೆ ದೃಷ್ಟಿ

ಸ್ನೇಹಿತರೇ, ‘ಆ್ಯಪಲ್ ಆಫ್ ದಿ ಐ’ ಅನ್ನುವುದಕ್ಕೆ ಕನ್ನಡದಲ್ಲಿ ‘ಕಣ್ಮಣಿ’ಯೇ ಸರಿ. ಇಷ್ಟೊಂದು ಅನುವಾದಿತ ಕಾದಂಬರಿ ಓದಿದವನಿಗೆ ಅದರಲ್ಲಿ ಅನುಮಾನವಿಲ್ಲ. ಇವತ್ತು ಸಂಜೆ ಮಗ ಚಿನ್ಮಯನ ಹೋಂವರ್ಕಿಗೂ ಅದನ್ನೇ ಹೇಳಿಕೊಟ್ಟೆ. ಅವನು ‘ನಾನು ಅಜ್ಜಿಯ ಕಣ್ಮಣಿ’ ಎಂದು ಇಂಗ್ಲಿಷಿನಲ್ಲಿ ವಾಕ್ಯ ಬರೆದ.

ಅವನಕ್ಕ ಸಿರಿ ಸಿಡುಕಿದಳು. “ಯಾರೋ ಹೇಳಿದ್ದು ನಿಂಗೆ? ಅಜ್ಜಿ ಮೊದ್ಲು ಎತ್ಕೊಂಡಿದ್ದೇ ನನ್ನ!”

ಇಬ್ಬರೂ ನ್ಯಾಯ ಕೇಳಲು ಅಡುಗೆಮನೆಗೆ, ನನ್ನ ಅಮ್ಮನ ಹತ್ತಿರ ಓಡಿದರು. ಹಿಂದೆಯೇ ಹೋಗಿ ನಾನು ಅರ್ಥ ವಿವರಿಸಿದೆ: “ಎಲ್ಲರಿಗಿಂತ ಹೆಚ್ಚು ಮುದ್ದಿನವರು ಅಂತಮ್ಮ.”

ಅಮ್ಮ ಗಾಬರಿಯಾದರು. “ಅಂಗೆಲ್ಲ ಬಾಯ್ಬಿಟ್ಟು ಹೇಳ್ತಾರೇನೋ? ಬರೆದೂ ಬುಟ್ಟಿದ್ದಾನಲ್ಲ!” ಎಂದು ತಕ್ಷಣ ಉಪ್ಪು, ಮೆಣಸಿನಕಾಯಿ ನಿವಾಳಿಸಿ ಚಿನ್ಮಯನಿಗೆ ದೃಷ್ಟಿ ತೆಗೆದರು. ಅವನು ಗೆದ್ದವನಂತೆ ಬೀಗಿದ.

ಸಿರಿ ಅಜ್ಜಿಯ ಸೆರಗು ಜಗ್ಗಿದಳು. “ನಂಗ್ಯಾಕಿಲ್ಲ ಅಜ್ಜಿ?”

“ನಿಂಗೆ ದಿನಾ ತೆಗೀತೀನಿ ಕಣಮ್ಮ. ಬೆಳಗ್ಗೆ ನೀನು ಬಗ್ಗಿ ಶೂ ಹಾಕ್ಕೊಳ್ತೀಯಲ್ಲ, ಆಗ ಹಿಂದಿನಿಂದ ನೆಟಿಗೆ ಮುರೀತೀನಿ. ನಿಂಗೆ ಗೊತ್ತಾಗಲ್ಲ.”

ಚಿನ್ಮಯ ಮೆಲ್ಲಗೆ ಬಂದು ರಬ್ಬರ್ ಕೇಳಿದ. ವಾಕ್ಯದ ವ್ಯಾಕರಣದಲ್ಲಿ ತಪ್ಪಿಲ್ಲ, ಹಾಗೇ ಇರಲಿ ಎಂದೆ.